ಹೊರಭಂಡಾರದ ಜೋಡಣೆ: ಲಿನಕ್ಸ್ ಗಣಕಯಂತ್ರವೂ ಯು.ಎಸ್.ಬಿ. ಹಾರ್ಡ್ ಡಿಸ್ಕೂ

ಗ್ರಂಥವನ್ನು ರಚಿಸುವುದು ಒಂದು ಕಾರ್ಯ. ರಚಿತವಾದ ಗ್ರಂಥವನ್ನು ಅಳಿಯದಂತೆ ಕಾಪಾಡುವುದು ಅದರಿಂದ ಭಿನ್ನವಾದ ಬೇರೊಂದು ಕಾರ್ಯ. ಮೊದಲನೆಯದಕ್ಕೆ ಪ್ರತಿಭೆ ಬೇಕು, ಎರಡನೆಯದಕ್ಕೆ ನಿಯಮ ಬೇಕು. ಹತ್ತನೆಯ ಶತಮಾನದ ಕಡೆಯಲ್ಲಿ, ಚಾಲುಕ್ಯ ತೈಲಪನ ಆಳಿಕೆಯ ಕಾಲಕ್ಕೆ ಸೇರಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣವನ್ನು ಒಂದು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯವನ್ನು ಬಲ್ಲವರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ಅಚ್ಚಿನ ಯಂತ್ರದ ಹೆಸರನ್ನೂ ಕೇಳದಿದ್ದ ಆ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಧರ್ಮಬುದ್ಧಿಯಿಂದ ನಡೆದ ಆ ದಾನದೊಳಗೆ ಒಂದು ಲೌಕಿಕ ತತ್ತ್ವವೂ ಅಡಗಿತ್ತು. ಒಂದೇ ಎಡೆಯಲ್ಲಿರುವ ಗ್ರಂಥವು ಗೆದ್ದಲಿಗೋ ಬೆಂಕಿಗೋ ಒಂದು ದಿನ ಆಹುತಿಯಾಗುವುದು ನಿಶ್ಚಯ. ಎರಡನೆಯ ಎಡೆಯಲ್ಲಿ ಅದರ ಪ್ರತಿಯು ನೆಲೆಗೊಂಡ ಮೇಲೆಯೇ ಅದು ಉಳಿಯಿತೆಂದು ಹೇಳಬಹುದು.

ಈ ತತ್ತ್ವಕ್ಕೆ ಸಾಕ್ಷಿಗಳನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ನಷ್ಟವಾಯಿತೆಂದೇ ವಿದ್ವಾಂಸರು ಬಹುಕಾಲ ಭಾವಿಸಿದ್ದರು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ಒಂದು ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಅದನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದರು. ಆ ಒಂದು ಕಟ್ಟು ಮೈಸೂರಿಗೆ ಬಾರದೆ ಇದ್ದಿದ್ದರೆ ಆ ಶಾಸ್ತ್ರವು ಇನ್ನೆಷ್ಟು ಕಾಲ ಕತ್ತಲೆಯಲ್ಲಿರುತ್ತಿತ್ತೋ ಹೇಳಲಾಗದು. ಶಿಲಾಶಾಸನಗಳ ವಿಷಯವೂ ಹೀಗೆಯೇ. ‘ಆಚಂದ್ರಾರ್ಕ’ವಾಗಿ ನಿಲ್ಲಲೆಂದು ಕಲ್ಲಿನಲ್ಲಿ ಕೊರೆಯಿಸಿದ ಬರಹಗಳು ಬೆಂಗಳೂರು ನಗರವು ಬೆಳೆದ ರಭಸದಲ್ಲಿ ಅಡಿಪಾಯಗಳ ಕೆಳಗೂ ಚರಂಡಿಗಳ ಒಳಗೂ ಸೇರಿಹೋದುವು. ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚುಮಾಡಿಸಿದ್ದರಿಂದ, ಕಲ್ಲು ಹೋದ ಎಡೆಯಲ್ಲಿಯೂ ಪಾಠವು ಉಳಿದಿದೆ. ಕಲ್ಲಿಗಿಂತ ಕಾಗದವು ಬಾಳಿತೆಂದರೆ, ಕಾಗದವು ಗಟ್ಟಿಯಾದುದೆಂದಲ್ಲ, ಅದು ಎರಡನೆಯ ಪ್ರತಿಯಾಗಿದ್ದಿತೆಂದೇ ಅರ್ಥ.

ಈಗ ಬರಹದ ಆಶ್ರಯವು ಮತ್ತೊಮ್ಮೆ ಬದಲಾಗಿರುತ್ತದೆ. ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಹೆಗ್ಗನಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿಂದೆ ಹೊಲಗದ್ದೆಗಳ ಹಳ್ಳಿಯಾಗಿದ್ದ ಈ ಊರು, 1970ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶವು ರೂಪುಗೊಂಡ ಬಳಿಕ, ಸುಂಕದಕಟ್ಟೆ ಲಗ್ಗೆರೆಗಳಂತೆ ನಗರದೊಳಗೆ ಬೆರೆತು ಕಾರ್ಮಿಕರ ಮನೆಗಳಿಂದಲೂ ಚಿಕ್ಕ ಚಿಕ್ಕ ಕಾರ್ಖಾನೆಗಳಿಂದಲೂ ತುಂಬಿಕೊಂಡಿತು. ಇಂತಹ ಬಡಾವಣೆಯಲ್ಲಿ ಲೇತ್ ಕೆಲಸದ ನಕ್ಷೆ, ಸಿದ್ಧ ಉಡುಪಿನ ಲೆಕ್ಕ, ಶಾಲೆಯ ಅಂಕಪಟ್ಟಿ, ಮದುವೆಯ ಭಾವಚಿತ್ರ, ಇವೆಲ್ಲವೂ ಇಂದು ಗಣಕಯಂತ್ರದ ಒಳಗಿನ ಹಾರ್ಡ್ ಡಿಸ್ಕಿನಲ್ಲಿಯೇ ವಾಸಿಸುತ್ತವೆ. ಹಳೆಯ ಯಂತ್ರಕ್ಕೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುವವರೂ ಉಂಟು. ಆ ಡಿಸ್ಕು ನಿಂತುಹೋದರೆ ಲೆಕ್ಕವೂ ನೆನಪೂ ಒಟ್ಟಿಗೆ ಹೋಗುವುವು. ಆದುದರಿಂದ ಅಂಗೈಯಗಲದ ಹೊರ ಡಿಸ್ಕೊಂದನ್ನು ಯು.ಎಸ್.ಬಿ. ತಂತಿಯಿಂದ ಯಂತ್ರಕ್ಕೆ ಜೋಡಿಸಿ ಎರಡನೆಯ ಪ್ರತಿಯನ್ನು ಇರಿಸುವುದು, ಅತ್ತಿಮಬ್ಬೆಯು ನಡೆಸಿದ ಕಾರ್ಯದ ಇಂದಿನ ರೂಪವೆಂದು ಹೇಳಬಹುದು. ತಂತಿಯನ್ನು ಸಿಕ್ಕಿಸಿದ ಮಾತ್ರಕ್ಕೆ ಈ ಜೋಡಣೆಯು ಮುಗಿಯುವುದಿಲ್ಲ. ಅದಕ್ಕೊಂದು ಕ್ರಮವುಂಟು, ಆ ಕ್ರಮಕ್ಕೆ ಒಂದು ಇತಿಹಾಸವೂ ಉಂಟು.

ತಿರುಗುವ ತಟ್ಟೆಗಳ ಮೇಲೆ ಅಯಸ್ಕಾಂತಶಕ್ತಿಯಿಂದ ಬರೆದಿಡುವ ಉಪಾಯವನ್ನು ವ್ಯಾಪಾರಕ್ಕೆ ಮೊದಲು ತಂದವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು. 1956ರಲ್ಲಿ ಅವರು ಹೊರತಂದ 350 ಎಂಬ ಹೆಸರಿನ ಡಿಸ್ಕು ಇಪ್ಪತ್ತನಾಲ್ಕು ಅಂಗುಲ ವ್ಯಾಸದ ಐವತ್ತು ತಟ್ಟೆಗಳಿಂದ ಕೂಡಿ, ಒಂದು ಟನ್ನಿಗೂ ಹೆಚ್ಚು ತೂಗುತ್ತಿದ್ದಿತು. ಇಷ್ಟಾದರೂ ಅದರಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಒಂದು ಟೆರಾಬೈಟಿನ ಹೊರ ಡಿಸ್ಕು ಒಂದು ಲಕ್ಷ ಕೋಟಿ ಬೈಟುಗಳನ್ನು ಹಿಡಿಯುತ್ತದೆ. ಕನ್ನಡದ ಒಂದೊಂದು ವರ್ಣಚಿಹ್ನೆಗೆ ಮೂರು ಬೈಟುಗಳಂತೆ ಎಣಿಸಿದರೂ ಸುಮಾರು 33,000 ಕೋಟಿ ಚಿಹ್ನೆಗಳಿಗೆ ಅದರಲ್ಲಿ ಎಡೆಯುಂಟು. ಪಾತ್ರೆಯು ಹಿರಿದಾದಂತೆ ಅದು ಒಡೆದಾಗ ಚೆಲ್ಲುವುದೂ ಹಿರಿದಾಗುತ್ತದೆಯೆಂಬುದನ್ನು ಇಲ್ಲಿ ಮರೆಯಲಾಗದು.

ಡಿಸ್ಕಿನೊಳಗಣ ಬರಹಗಳನ್ನು ಅಣಿಯಾಗಿ ಇಡುವ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸಿನಿಂದ ಒಂದು ಸ್ಪಷ್ಟವಾದ ರೂಪವನ್ನು ಪಡೆಯಿತು. ಅದರ ಕರ್ತೃಗಳಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಪ್ರಮುಖರು. ಯುನಿಕ್ಸಿನಲ್ಲಿ ಸಕಲ ಫೈಲುಗಳೂ ಒಂದೇ ಮರದ ಕೊಂಬೆಗಳಲ್ಲಿರುತ್ತವೆ. ಆ ಮರದ ಬೇರು ಮೇಲಕ್ಕೂ ಕೊಂಬೆಗಳು ಕೆಳಕ್ಕೂ ಇರುವುದರಿಂದ, ಭಗವದ್ಗೀತೆಯ ಅಶ್ವತ್ಥವೃಕ್ಷವನ್ನು ಬಲ್ಲವರಿಗೆ ಅದು ಅಪರಿಚಿತವಾಗಿ ತೋರಲಾರದು. ಬೇರಿಗೆ ‘ರೂಟ್’ ಎಂದೇ ಹೆಸರು. ಒಂದು ಓರೆಗೆರೆಯೇ ಅದರ ಗುರುತು. ಬೇರೆ ಕೆಲವು ವ್ಯವಸ್ಥೆಗಳಲ್ಲಿ ಒಂದೊಂದು ಡಿಸ್ಕಿಗೆ ಒಂದೊಂದು ಅಕ್ಷರವನ್ನು ಕೊಟ್ಟು ಬೇರೆ ಬೇರೆ ಮರಗಳನ್ನು ನೆಡುವ ಪದ್ಧತಿಯಿದೆ. ಯುನಿಕ್ಸಿನ ಸಂಪ್ರದಾಯದಲ್ಲಿ ಎಷ್ಟು ಡಿಸ್ಕುಗಳಿದ್ದರೂ ಮರವೊಂದೇ.

ಹಾಗಾದರೆ ಹೊಸದಾಗಿ ಬಂದ ಡಿಸ್ಕಿಗೆ ಎಡೆಯೆಲ್ಲಿ? ತೋಟಗಾರನು ಕಸಿಕಟ್ಟುವಂತೆ, ಇರುವ ಮರದ ಒಂದು ಬರಿಯ ಕೊಂಬೆಗೆ ಹೊಸ ಡಿಸ್ಕಿನ ಮರವನ್ನು ಜೋಡಿಸುವುದೇ ಇದಕ್ಕೆ ಉತ್ತರ. ಈ ಕ್ರಿಯೆಗೆ ‘ಮೌಂಟ್’ ಎಂದು ಹೆಸರಿಟ್ಟರು. 1971ರ ನವೆಂಬರ್ 3ರ ತಾರೀಖನ್ನು ಹೊತ್ತ ಯುನಿಕ್ಸಿನ ಮೊದಲ ಕೈಪಿಡಿಯಲ್ಲಿಯೇ ಈ ಆಜ್ಞೆಯೂ, ಜೋಡಣೆಯನ್ನು ಬಿಡಿಸುವ ‘ಯು-ಮೌಂಟ್’ ಆಜ್ಞೆಯೂ ಕಾಣಬರುತ್ತವೆ. ‘ಅನ್‌ಮೌಂಟ್’ ಎಂದಿರಬೇಕಾದಲ್ಲಿ ಒಂದು ನಕಾರವನ್ನು ಬಿಟ್ಟು ಬರೆದಿರುವುದು ಅಕ್ಷರಗಳನ್ನು ಉಳಿಸುವ ಆ ಕಾಲದ ಹವ್ಯಾಸ. ಅರ್ಧಮಾತ್ರೆಯ ಲಾಘವಕ್ಕಾಗಿ ಪುತ್ರೋತ್ಸವದಷ್ಟು ಹಿಗ್ಗುತ್ತಾರೆಂದು ಹೆಸರಾದ ವೈಯಾಕರಣರು ಇದನ್ನು ಕ್ಷಮಿಸಿಯಾರು. ಬಳಕೆದಾರರ ಫೈಲುಗಳನ್ನು ಎರಡನೆಯ ಡಿಸ್ಕಿನಲ್ಲಿ ಇರಿಸಿ, ಆ ಡಿಸ್ಕನ್ನು ಮರದ ಒಂದು ಕೊಂಬೆಗೆ ಕಟ್ಟಿದರು. ಅರ್ಧಶತಮಾನಕ್ಕೂ ಹಿಂದೆ ನಡೆದ ಈ ಏರ್ಪಾಡೇ ಇಂದಿನ ಹೊರ ಡಿಸ್ಕಿನ ಜೋಡಣೆಗೆ ಮೂಲವಾಗಿದೆ.

ಯುನಿಕ್ಸ್ ಒಡೆತನಕ್ಕೆ ಒಳಪಟ್ಟ ವಸ್ತು. ಅದರ ಮಾರ್ಗವನ್ನೇ ಹಿಡಿದು, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವೆವೆಂದು ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಸಾರಿ ಗ್ನೂ ಎಂಬ ಯೋಜನೆಯನ್ನು ಕೈಗೊಂಡರು. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲನ್ನು ಬರೆದರು. ಮೊದಮೊದಲು ಅದು ಮಿನಿಕ್ಸ್ ಎಂಬ ಪಾಠವ್ಯವಸ್ಥೆಯ ಕ್ರಮದಲ್ಲಿಯೇ ಫೈಲುಗಳನ್ನು ಇಡುತ್ತಿದ್ದಿತು. ಆ ಕ್ರಮದಲ್ಲಿ 64 ಮೆಗಾಬೈಟುಗಳಿಗಿಂತ ಹಿರಿದಾದ ಭಂಡಾರವನ್ನು ಕಟ್ಟಲಾಗುತ್ತಿರಲಿಲ್ಲ. ಫೈಲಿನ ಹೆಸರಿಗೆ ಹದಿನಾಲ್ಕು ಅಕ್ಷರಗಳೇ ಮಿತಿ. ಈ ಇಕ್ಕಟ್ಟನ್ನು ನೀಗಲು 1992ರಲ್ಲಿ ಎಕ್ಸ್‌ಟ್, ಮರುವರ್ಷ ಎಕ್ಸ್‌ಟ್-2 ಎಂಬ ವ್ಯವಸ್ಥೆಗಳು ಫ್ರಾನ್ಸಿನ ರೆಮಿ ಕಾರ್ ಮೊದಲಾದವರಿಂದ ಬಂದುವು.

ಆದರೂ ಒಂದು ಭಯವು ಉಳಿದಿತ್ತು. ಬರೆಯುತ್ತಿರುವ ಹೊತ್ತಿನಲ್ಲಿಯೇ ವಿದ್ಯುತ್ತು ಹೋದರೆ ಭಂಡಾರದ ಲೆಕ್ಕವೆಲ್ಲ ಅಸ್ತವ್ಯಸ್ತವಾಗುತ್ತಿದ್ದಿತು. 2001ರಲ್ಲಿ ಲಿನಕ್ಸಿಗೆ ಸೇರಿದ ಎಕ್ಸ್‌ಟ್-3ರಲ್ಲಿ ಸ್ಟೀಫನ್ ಟ್ವೀಡಿಯವರು ಇದಕ್ಕೊಂದು ಪರಿಹಾರವನ್ನು ಕಲ್ಪಿಸಿದರು. ನಮ್ಮ ಅಂಗಡಿಯ ಗುಮಾಸ್ತರು ಪ್ರತಿಯೊಂದು ವ್ಯವಹಾರವನ್ನೂ ಮೊದಲು ಕಿರ್ದಿಯಲ್ಲಿ ಗುರುತಿಸಿ ಆಮೇಲೆ ಖಾತೆಗೆ ಏರಿಸುವಂತೆ, ಈ ವ್ಯವಸ್ಥೆಯು ಮಾಡಬೇಕಾದ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಅನಂತರ ತಕ್ಕ ಸ್ಥಳದಲ್ಲಿ ಬರೆಯುತ್ತದೆ. ನಡುವೆ ದೀಪವಾರಿದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಿಕೊಳ್ಳಬಹುದು. 2008ರ ಡಿಸೆಂಬರಿನಲ್ಲಿ ಸಿದ್ಧವೆಂದು ಘೋಷಿತವಾದ ಎಕ್ಸ್‌ಟ್-4 ಇದೇ ಮನೆತನದ ಈಗಿನ ಯಜಮಾನ. ಲಿನಕ್ಸಿಗೆ ಮಾತ್ರ ಬಳಸುವ ಹೊರ ಡಿಸ್ಕಿಗೆ ಇದು ತಕ್ಕ ವ್ಯವಸ್ಥೆ.

ಇನ್ನು ಜೋಡಿಸುವ ತಂತಿಯ ಕಥೆ. ಮುಂಚೆ ಗಣಕಯಂತ್ರದ ಬೆನ್ನಿನಲ್ಲಿ ಮುದ್ರಣಯಂತ್ರಕ್ಕೊಂದು, ಕೀಲಿಮಣೆಗೊಂದು, ಇಲಿಗೊಂದು ಎಂದು ಬೇರೆ ಬೇರೆ ಆಕಾರದ ರಂಧ್ರಗಳಿರುತ್ತಿದ್ದುವು. ಇವೆಲ್ಲಕ್ಕೂ ಒಂದೇ ದ್ವಾರವಿರಲೆಂದು ಏಳು ಸಂಸ್ಥೆಗಳು ಕೂಡಿ 1996ರ ಜನವರಿಯಲ್ಲಿ ಯು.ಎಸ್.ಬಿ.ಯ ಮೊದಲ ನಿಬಂಧನೆಯನ್ನು ಪ್ರಕಟಿಸಿದುವು. ಇಂಟೆಲ್ ಸಂಸ್ಥೆಯಲ್ಲಿ ಈ ಕಾರ್ಯಕ್ಕೆ ಮುಂದಾಳಾಗಿದ್ದ ಅಜಯ್ ಭಟ್ಟರು ಬರೋಡೆಯ ವಿಶ್ವವಿದ್ಯಾನಿಲಯದಲ್ಲಿ ಓದಿದವರೆಂಬುದು ಭಾರತೀಯರಿಗೆ ಸಂತೋಷದ ಸಂಗತಿ. ಮೊದಲ ಯು.ಎಸ್.ಬಿ.ಯ ವೇಗವು ಸೆಕೆಂಡಿಗೆ 120 ಲಕ್ಷ ಬಿಟ್ಟುಗಳು; 2000ದ ಎರಡನೆಯ ಆವೃತ್ತಿಯದು 48 ಕೋಟಿ; 2008ರ ಮೂರನೆಯದು 500 ಕೋಟಿ. ನೂರು ಗಿಗಾಬೈಟುಗಳ ಭಂಡಾರವನ್ನು ಸಾಗಿಸಲು ಮೊದಲನೆಯದಕ್ಕೆ ಹದಿನೆಂಟೂವರೆ ಗಂಟೆ, ಎರಡನೆಯದಕ್ಕೆ ಇಪ್ಪತ್ತೆಂಟು ನಿಮಿಷ, ಮೂರನೆಯದಕ್ಕೆ ಮೂರು ನಿಮಿಷಕ್ಕೂ ಕಡಮೆ ಎಂದು ಲೆಕ್ಕವು ಹೇಳುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ತಟ್ಟೆಯು ತಿರುಗುವ ವೇಗಕ್ಕೂ ಮಿತಿಯಿರುವುದರಿಂದ ವ್ಯವಹಾರದಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಲಿನಕ್ಸಿನಲ್ಲಿ ಯು.ಎಸ್.ಬಿ.ಯ ಆಶ್ರಯವು 2001ರ ಜನವರಿಯಲ್ಲಿ ಹೊರಬಂದ 2.4 ಕರ್ನೆಲಿನಿಂದ ಭದ್ರವಾಯಿತು. ಮೂರನೆಯ ಆವೃತ್ತಿಗಂತೂ ಸೇಜ್ ಶಾರ್ಪ್ ಎಂಬವರು ಬರೆದ ಕ್ರಮವಿಧಿಯು 2009ರ ಸೆಪ್ಟೆಂಬರಿನಲ್ಲಿಯೇ ಕರ್ನೆಲಿಗೆ ಸೇರಿ, ಇತರ ಪ್ರಸಿದ್ಧ ವ್ಯವಸ್ಥೆಗಳಿಗಿಂತ ಮೊದಲು ಲಿನಕ್ಸ್ ಅದನ್ನು ಬಲ್ಲದಾಯಿತು.

ಈ ವಿದ್ಯೆಯು ಬೆಂಗಳೂರಿಗೆ ತಡವಾಗಿ ಬರಲಿಲ್ಲ. 1990ರ ದಶಕದ ನಡುವಿನಲ್ಲಿಯೇ ಭಾರತದ ಗಣಕಪತ್ರಿಕೆಗಳು ಲಿನಕ್ಸನ್ನು ಸಿ.ಡಿ.ಗಳಲ್ಲಿ ತುಂಬಿ ಓದುಗರಿಗೆ ಹಂಚತೊಡಗಿದ್ದುವು. 2001ರಿಂದ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನ ವಾರ್ಷಿಕ ಸಮ್ಮೇಳನವು ಈ ನಗರದಲ್ಲಿ ಸೇರಲಾರಂಭಿಸಿ, 2005ರಿಂದ ‘ಫಾಸ್ ಇನ್’ ಎಂಬ ಹೆಸರನ್ನು ತಾಳಿ, 2012ರವರೆಗೆ ನಡೆಯಿತು. ಇದರ ಹಿಂದಿನ ಶಕ್ತಿಯಾಗಿದ್ದ ಅತುಲ್ ಚಿಟ್ಣೀಸರು 2013ರಲ್ಲಿ ತೀರಿಕೊಂಡರು. ಭಾರತೀಯ ವಿಜ್ಞಾನ ಮಂದಿರದ ಕೆಲವು ಅಧ್ಯಾಪಕರು ಎನ್ಕೋರ್ ಸಂಸ್ಥೆಯವರೊಡನೆ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಯಳತೆಯ ಗಣಕವೂ ಲಿನಕ್ಸಿನಿಂದಲೇ ನಡೆಯುತ್ತಿದ್ದಿತು. ಅದರಲ್ಲಿ ಪ್ರಕೃತ ವಿಷಯಕ್ಕೆ ಹೊಂದುವ ಒಂದು ಕಲ್ಪನೆಯಿತ್ತು. ಹಳ್ಳಿಗೊಂದು ಯಂತ್ರವಿದ್ದು, ಒಬ್ಬೊಬ್ಬ ಗ್ರಾಮಸ್ಥನೂ ತನ್ನ ವಿವರಗಳನ್ನು ತನ್ನದೇ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕು. ಯಂತ್ರವು ಊರಿನದು, ನೆನಪು ಅವರವರದು. ಸಿಂಪ್ಯೂಟರು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಆದರೆ ಯಂತ್ರವನ್ನೂ ಭಂಡಾರವನ್ನೂ ಬೇರ್ಪಡಿಸುವ ಆ ಆಲೋಚನೆಯು ಸಾಧುವಾದುದೆಂಬುದನ್ನು ಇಂದು ಜೇಬಿನಲ್ಲಿ ಡಿಸ್ಕನ್ನು ಇಟ್ಟುಕೊಂಡು ತಿರುಗುವ ಯಾರಾದರೂ ಒಪ್ಪುವರು.

ಹೊರಗಿನಿಂದ ಬಂದ ಡಿಸ್ಕನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಯು ಬಹುಕಾಲ ತೊಡಕಿನದಾಗಿತ್ತು. ಕರ್ನೆಲು ತಾನು ಕಂಡ ಸರದಿಯಂತೆ ಮೊದಲ ಡಿಸ್ಕಿಗೆ ಎಸ್-ಡಿ-ಎ, ಎರಡನೆಯದಕ್ಕೆ ಎಸ್-ಡಿ-ಬಿ, ಮೂರನೆಯದಕ್ಕೆ ಎಸ್-ಡಿ-ಸಿ ಎಂದು ಹೆಸರಿಡುತ್ತದೆ. ಇದು ಪಂಕ್ತಿಯಲ್ಲಿ ಕುಳಿತವರನ್ನು ಎಲೆಯ ಸಂಖ್ಯೆಯಿಂದ ಕರೆದಂತೆ. ಇಂದು ಎರಡನೆಯ ಎಲೆಯಲ್ಲಿದ್ದವನು ನಾಳೆ ಮೂರನೆಯದರಲ್ಲಿ ಕುಳಿತರೆ ಅವನ ಹೆಸರೇ ಬದಲಾಗುತ್ತದೆ. ಆಸನವನ್ನು ನೋಡಿ ಆಳನ್ನು ಗುರುತಿಸುವ ಈ ರೂಢಿಯಿಂದ ಒಂದು ಡಿಸ್ಕಿನಲ್ಲಿ ಬರೆಯಬೇಕಾದುದನ್ನು ಮತ್ತೊಂದರಲ್ಲಿ ಬರೆಯುವ ಪ್ರಮಾದಕ್ಕೆ ಎಡೆಯಿದೆ. ಆದುದರಿಂದ ಫೈಲು ವ್ಯವಸ್ಥೆಯನ್ನು ಹೂಡುವಾಗಲೇ ಅದರೊಳಗೆ 128 ಬಿಟ್ಟುಗಳ ಒಂದು ಗುರುತನ್ನು ಬರೆದಿಡುವ ಪದ್ಧತಿಯು ಬಳಕೆಗೆ ಬಂದಿತು. ಇದಕ್ಕೆ ಯು.ಯು.ಐ.ಡಿ. ಎಂದು ಹೆಸರು. ಡಿಸ್ಕು ಯಾವ ರಂಧ್ರಕ್ಕೆ ಬಂದರೂ, ಯಾವ ಯಂತ್ರಕ್ಕೆ ಹೋದರೂ ಈ ಗುರುತು ಬದಲಾಗದು. 2003ರಲ್ಲಿ ಮೊದಲು ಹೊರಬಂದ ಯುಡೆವ್ ಎಂಬ ಸಾಧನವು ಇಂತಹ ಸ್ಥಿರನಾಮಗಳಿಂದ ಡಿಸ್ಕುಗಳನ್ನು ಕರೆಯುವ ಅನುಕೂಲವನ್ನು ಕಲ್ಪಿಸಿತು.

ಇಷ್ಟು ತಿಳಿದ ಮೇಲೆ ಜೋಡಣೆಯ ಕ್ರಮವು ಕಠಿನವಾಗಿ ತೋರದು. ಹೆಗ್ಗನಹಳ್ಳಿಯ ಚಿಕ್ಕ ಕಾರ್ಖಾನೆಯೊಂದರ ಲೆಕ್ಕದ ಕೋಣೆಯಲ್ಲಿ ಹೊಸ ಡಿಸ್ಕನ್ನು ತಂದಿದ್ದಾರೆಂದು ಭಾವಿಸಿದರೆ, ಮೊದಲು ತಂತಿಯನ್ನು ಸಿಕ್ಕಿಸಿ ‘ಎಲ್-ಎಸ್-ಬಿ-ಎಲ್-ಕೆ’ ಎಂಬ ಆಜ್ಞೆಯಿಂದ ಯಂತ್ರದಲ್ಲಿರುವ ಡಿಸ್ಕುಗಳ ಪಟ್ಟಿಯನ್ನು ನೋಡಬೇಕು. ತಂತಿಯನ್ನು ಸಿಕ್ಕಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪಟ್ಟಿಯನ್ನು ನೋಡಿದರೆ ಹೊಸಬನು ಯಾರೆಂಬುದು ನಿಸ್ಸಂದೇಹವಾಗುತ್ತದೆ. ಗಾತ್ರವನ್ನೂ ಹೋಲಿಸಿ ನೋಡುವುದು ಲೇಸು. ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಬೇಕಾದಲ್ಲಿ ಅದರಲ್ಲಿ ಭಾಗವನ್ನು ಮಾಡಿ ‘ಎಂ-ಕೆ-ಎಫ್-ಎಸ್’ ಆಜ್ಞೆಯಿಂದ ಎಕ್ಸ್‌ಟ್-4 ವ್ಯವಸ್ಥೆಯನ್ನು ಹೂಡುತ್ತಾರೆ. ಸಮಸ್ತ ಕ್ರಮದಲ್ಲಿ ಅತ್ಯಂತ ಭಯಂಕರವಾದ ಹೆಜ್ಜೆಯಿದು. ಇಲ್ಲಿ ಬಿ ಎಂಬಲ್ಲಿ ಎ ಎಂದು ಬರೆದರೆ, ಕಾಪಾಡಲೆಂದು ಹೊರಟ ಭಂಡಾರವೇ ಅಳಿಸಿಹೋಗುವುದು. ಬಳಿಕ ಒಂದು ಬರಿಯ ಫೋಲ್ಡರನ್ನು ಮಾಡಿ, ಅದರ ಮೇಲೆ ಡಿಸ್ಕನ್ನು ಮೌಂಟು ಮಾಡಬೇಕು. ಆ ಫೋಲ್ಡರಿನಲ್ಲಿ ಮೊದಲೇ ಏನಾದರೂ ಇದ್ದರೆ ಅದು ಅಳಿಯುವುದಿಲ್ಲ. ಜೋಡಣೆಯು ಇರುವವರೆಗೆ ಮರೆಯಾಗಿರುತ್ತದೆ, ಅಷ್ಟೇ.

ಹೊಸ ಎಕ್ಸ್‌ಟ್-4 ಡಿಸ್ಕಿನ ಒಡೆತನವು ಮೊದಲಿಗೆ ರೂಟ್ ಎಂಬ ಮುಖ್ಯಾಧಿಕಾರಿಯದಾಗಿರುವುದರಿಂದ, ಸಾಮಾನ್ಯ ಬಳಕೆದಾರನಿಗೆ ಬರೆಯುವ ಅಧಿಕಾರವನ್ನು ಬೇರೆಯಾಗಿ ಕೊಡಬೇಕು. ಒಡೆಯನ ಹೆಸರು ಡಿಸ್ಕಿನಲ್ಲಿ ಹೆಸರಾಗಿ ಇರುವುದಿಲ್ಲ, ಸಂಖ್ಯೆಯಾಗಿ ಇರುತ್ತದೆ. ಡಿಸ್ಕನ್ನು ಮತ್ತೊಂದು ಯಂತ್ರಕ್ಕೆ ಒಯ್ದಾಗ ಅದೇ ಸಂಖ್ಯೆಯು ಅಲ್ಲಿ ಮತ್ತೊಬ್ಬನದಾಗಿರುವುದೂ ಉಂಟು. ಪ್ರತಿದಿನವೂ ಯಂತ್ರವು ಎದ್ದೊಡನೆ ಡಿಸ್ಕು ತಾನಾಗಿ ಸೇರಬೇಕಾದರೆ ‘ಎಫ್-ಎಸ್-ಟ್ಯಾಬ್’ ಎಂಬ ಪಟ್ಟಿಯಲ್ಲಿ ಅದರ ಯು.ಯು.ಐ.ಡಿ., ಸೇರುವ ಎಡೆ, ವ್ಯವಸ್ಥೆಯ ಹೆಸರು ಇವನ್ನು ಒಂದು ಸಾಲಾಗಿ ಬರೆಯಬೇಕು. ‘ನೋಫೇಲ್’ ಎಂಬ ಒಂದು ಮಾತನ್ನು ಅಲ್ಲಿ ಸೇರಿಸಿದರೆ, ಡಿಸ್ಕು ಮನೆಯಲ್ಲಿಯೇ ಉಳಿದ ದಿನವೂ ಯಂತ್ರವು ಅದಕ್ಕಾಗಿ ಹಟ ಹಿಡಿದು ನಿಲ್ಲದೆ ಮುಂದುವರಿಯುತ್ತದೆ. ಚಿತ್ರಫಲಕದ ಮುಂದೆ ಕುಳಿತು ಇಲಿಯಿಂದ ಕೆಲಸ ಮಾಡುವವರಿಗೆ ಈ ಬಹುಭಾಗವನ್ನು ಯಂತ್ರವೇ ನೆರವೇರಿಸಿ, ಡಿಸ್ಕಿನ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತದೆ. ಈ ಅನುಕೂಲವು 2004ರ ಸುಮಾರಿನಿಂದ ಬೆಳೆದುಬಂದುದು. ಅನುಕೂಲವು ಎಷ್ಟೇ ಇದ್ದರೂ ಒಳಗಣ ಕ್ರಮವನ್ನು ತಿಳಿದವನು ತೊಡಕು ಬಂದ ದಿನ ಕಂಗೆಡುವುದಿಲ್ಲ.

ಡಿಸ್ಕನ್ನು ವಿಂಡೋಸ್ ಯಂತ್ರದೊಡನೆಯೂ ಹಂಚಿಕೊಳ್ಳಬೇಕಾದರೆ ಎಕ್ಸ್‌ಟ್-4 ಸಲ್ಲದು. ಫ್ಯಾಟ್-32 ಎಂಬ ಹಳೆಯ ವ್ಯವಸ್ಥೆಯನ್ನು ಎಲ್ಲ ಯಂತ್ರಗಳೂ ಓದಬಲ್ಲುವು. ಆದರೆ ಅದರಲ್ಲಿ ನಾಲ್ಕು ಗಿಗಾಬೈಟಿಗಿಂತ ಹಿರಿದಾದ ಒಂದು ಫೈಲನ್ನು ಇಡಲಾಗದು. ಎನ್.ಟಿ.ಎಫ್.ಎಸ್. ಎಂಬ ವಿಂಡೋಸಿನ ವ್ಯವಸ್ಥೆಯಲ್ಲಿ ಲಿನಕ್ಸಿನಿಂದ ನಿರ್ಭಯವಾಗಿ ಬರೆಯುವ ಸಾಧನವು 2007ರಲ್ಲಿ ಸಿದ್ಧವಾಯಿತು. ಕರ್ನೆಲಿನ ಒಳಗೆಯೇ ಅಂತಹ ಸಾಮರ್ಥ್ಯವು 2021ರಲ್ಲಿ ಸೇರಿತು. ಎಕ್ಸ್-ಫ್ಯಾಟ್ ಎಂಬುದರ ವಿವರಗಳನ್ನು ಅದರ ಒಡೆಯರಾದ ಮೈಕ್ರೋಸಾಫ್ಟಿನವರು 2019ರಲ್ಲಿ ಬಹಿರಂಗಪಡಿಸಿದ ಮೇಲೆ ಆ ವರ್ಷವೇ ಲಿನಕ್ಸ್ ಅದನ್ನು ಸ್ವೀಕರಿಸಿತು. ಲಿಪಿಯನ್ನು ಬಲ್ಲವರು ಒಬ್ಬರೇ ಆದರೆ ಗ್ರಂಥವು ಅವರೊಡನೆಯೇ ಮುಗಿಯುವುದು. ಲಿಪಿಯು ಸಾರ್ವಜನಿಕವಾದಾಗಲೇ ಗ್ರಂಥವು ಸಾರ್ವಜನಿಕವಾಗುವುದು. ಹೊರ ಡಿಸ್ಕಿನ ವ್ಯವಸ್ಥೆಯನ್ನು ಆರಿಸುವಾಗ ಈ ವಿವೇಕವಿರಬೇಕು.

ಜೋಡಣೆಗಿಂತಲೂ ಬಿಡಿಸುವ ಕ್ರಮವು ಹೆಚ್ಚು ಮುಖ್ಯವಾದುದು. ಬರೆಯೆಂದು ಆಜ್ಞಾಪಿಸಿದೊಡನೆ ಕರ್ನೆಲು ಡಿಸ್ಕಿನಲ್ಲಿ ಬರೆಯುವುದಿಲ್ಲ. ಅದನ್ನು ತನ್ನ ಕ್ಷಣಿಕಸ್ಮೃತಿಯಲ್ಲಿ ಇಟ್ಟುಕೊಂಡು, ಅನುಕೂಲ ನೋಡಿ, ಸಾಮಾನ್ಯವಾಗಿ ಮೂವತ್ತು ಸೆಕೆಂಡುಗಳಷ್ಟು ಕಾಲ ಕಳೆದ ಬಳಿಕ ಬರೆಯತೊಡಗುತ್ತದೆ. ಪರದೆಯು ‘ಮುಗಿಯಿತು’ ಎಂದು ತೋರಿಸಿದ ಹೊತ್ತಿನಲ್ಲಿ ಬರಹವು ಇನ್ನೂ ದಾರಿಯಲ್ಲಿರಬಹುದು. ಆಗಲೇ ತಂತಿಯನ್ನು ಕಿತ್ತರೆ, ಓಲೆಕಾರನ ಕಂಠವು ಎಲೆಯ ಮೇಲಿರುವಾಗಲೇ ಓಲೆಯನ್ನು ಸೆಳೆದುಕೊಂಡಂತಾಗುತ್ತದೆ. ಕಿರ್ದಿಯುಳ್ಳ ಎಕ್ಸ್‌ಟ್-4 ಭಂಡಾರದ ಕಟ್ಟಡವನ್ನು ಉಳಿಸಿಕೊಂಡೀತು, ಆದರೆ ಬಂದು ಸೇರದಿದ್ದ ಅಕ್ಷರಗಳನ್ನು ಅದು ಸೃಷ್ಟಿಸಲಾರದು. ‘ಯು-ಮೌಂಟ್’ ಆಜ್ಞೆಯು ಉಳಿದ ಬರಹವನ್ನೆಲ್ಲ ಡಿಸ್ಕಿಗೆ ತಲಪಿಸಿ, ಆಮೇಲೆ ಕಸಿಯನ್ನು ಬಿಡಿಸುತ್ತದೆ. ಯಾವುದಾದರೂ ಫೈಲು ತೆರೆದಿದ್ದರೆ ‘ಕೆಲಸದಲ್ಲಿದೆ’ ಎಂದು ಯಂತ್ರವು ಮರುನುಡಿಯುವುದು; ಅದನ್ನು ಮುಚ್ಚಿ ಮತ್ತೆ ಕೇಳಬೇಕೇ ಹೊರತು ಬಲಾತ್ಕಾರ ಮಾಡಲಾಗದು. ಪೂಜೆಯಲ್ಲಿ ಆವಾಹನೆಗೆ ಎಷ್ಟು ವಿಧಿಯುಂಟೋ ವಿಸರ್ಜನೆಗೂ ಅಷ್ಟೇ ವಿಧಿಯಿರುವುದು ಇಲ್ಲಿಯೂ ಸಲ್ಲುತ್ತದೆ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿಶೇಷವುಂಟು. 1991ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಲಿಪಿಗೆ ಸ್ಥಾನ ದೊರೆಯಿತು. ಅದನ್ನು ಬೈಟುಗಳಾಗಿ ಬರೆಯುವ ಯು.ಟಿ.ಎಫ್.-8 ಎಂಬ ಕ್ರಮವನ್ನು 1992ರಲ್ಲಿ ರಾಬ್ ಪೈಕ್ ಎಂಬವರೊಡನೆ ರೂಪಿಸಿದವರು, ಯುನಿಕ್ಸಿನ ಮರವನ್ನು ನೆಟ್ಟ ಆ ಕೆನ್ ಥಾಂಪ್ಸನ್ನರೇ. ಹೀಗಾಗಿ ಇಂದು ಲಿನಕ್ಸಿನ ಡಿಸ್ಕಿನಲ್ಲಿ ‘ಶಾಂತಿಪುರಾಣ’ ಎಂಬ ಕನ್ನಡದ ಹೆಸರಿನಿಂದಲೇ ಫೈಲನ್ನು ಇಡಬಹುದು. ಆ ಹೆಸರಿನ ಹತ್ತು ವರ್ಣಚಿಹ್ನೆಗಳು ಮೂವತ್ತು ಬೈಟುಗಳನ್ನು ಹಿಡಿಯುತ್ತವೆ. ಎಕ್ಸ್‌ಟ್-4ರಲ್ಲಿ ಹೆಸರಿಗೆ 255 ಬೈಟುಗಳ ಮಿತಿಯಿರುವುದರಿಂದ ಕನ್ನಡದ ಹೆಸರು 85 ಚಿಹ್ನೆಗಳನ್ನು ಮೀರಲಾಗದು. ಯುನಿಕೋಡಿಗೆ ಮುಂಚಿನ ಕ್ರಮಗಳಲ್ಲಿ, ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತವಿಟ್ಟು ಬರೆದ ಕನ್ನಡದ ಫೈಲುಗಳು ಎಷ್ಟೋ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಇನ್ನೂ ಇವೆ. ಅವನ್ನು ಹೊರ ಡಿಸ್ಕಿಗೆ ಒಯ್ದರಷ್ಟೇ ಸಾಲದು. ಯುನಿಕೋಡಿಗೆ ಪರಿವರ್ತಿಸಿದ ಪ್ರತಿಯನ್ನೂ ಜೊತೆಗಿಡಬೇಕು. ಇಲ್ಲದಿದ್ದರೆ ಆ ಅಕ್ಷರಶೈಲಿಯು ಮರೆಯಾದ ದಿನ ಓಲೆಯು ಉಳಿದರೂ ಓದುವವನಿಲ್ಲದಂತಾಗುವುದು.

ಪ್ರತಿಯನ್ನು ಮಾಡಿದ ಬಳಿಕ ತಾಳೆ ನೋಡುವ ಕಾರ್ಯವು ಉಳಿದಿರುತ್ತದೆ. ಲಿಪಿಕಾರನ ಪ್ರಮಾದವು ಲೋಕಪ್ರಸಿದ್ಧ. ಇದನ್ನರಿತೇ ವೈದಿಕರು ಪದ, ಕ್ರಮ, ಜಟಾ, ಘನ ಮೊದಲಾದ ಪಾಠಗಳನ್ನು ಏರ್ಪಡಿಸಿದರು. ಘನಪಾಠದಲ್ಲಿ ಮೊದಲ ಪದವನ್ನೂ ಎರಡನೆಯದನ್ನೂ ಮುಂದಾಗಿ ಒಮ್ಮೆ, ಹಿಂದಾಗಿ ಒಮ್ಮೆ ಹೇಳಿ, ಮತ್ತೆ ಮೂರು ಪದಗಳನ್ನು ಮುಂದು, ಹಿಂದು, ಮುಂದು ಎಂದು ಹೇಳುವಾಗ ಒಂದು ಸ್ವರವು ತಪ್ಪಿದರೂ ಬಯಲಾಗುತ್ತದೆ. ಗಣಕದಲ್ಲಿ ‘ಶಾ-256’ ಎಂಬ ಗಣಿತಕ್ರಮವು ಇದೇ ಕಾರ್ಯವನ್ನು ಮಾಡುತ್ತದೆ. ಫೈಲಿನ ಸಮಸ್ತ ಬೈಟುಗಳನ್ನೂ ಅರೆದು 64 ಅಂಕಗಳ ಒಂದು ಮುದ್ರೆಯನ್ನು ಅದು ಕೊಡುವುದು. ಮೂಲದ ಮುದ್ರೆಯೂ ಪ್ರತಿಯ ಮುದ್ರೆಯೂ ಒಂದೇ ಆದರೆ ಪ್ರತಿಯು ಶುದ್ಧವೆಂದು ನಂಬಬಹುದು. ಒಂದು ಬಿಟ್ಟು ಬದಲಾದರೂ ಮುದ್ರೆಯು ಗುರುತೇ ಸಿಗದಂತೆ ಬೇರೆಯಾಗುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಿತು. ಅದು ಕ್ರಿ.ಶ. 750ರ ಸುಮಾರಿನದೆಂದು ವಿದ್ವಾಂಸರು ಎಣಿಸಿದ್ದಾರೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಸುತ್ತಣ ಶಾಸನಗಳನ್ನು ಮೂರು ಆಯಾಮಗಳ ಪ್ರತಿಬಿಂಬಗಳಾಗಿ ಸೆರೆಹಿಡಿಯುವ ಕಾರ್ಯವನ್ನು ಕೈಗೊಂಡಿತು. ರೈಸರು ಕಾಗದದ ಮೇಲೆ ಮಾಡಿದುದನ್ನು ಈಗ ಅಂಕಗಳಲ್ಲಿ ಮಾಡಲಾಗುತ್ತಿದೆ. ಹೀಗೆ ಸೆರೆಯಾದ ಪ್ರತಿಬಿಂಬಗಳು ಎಲ್ಲಿಯೇ ಇರಲಿ, ಅವು ಕಡೆಗೆ ಯಾವುದೋ ಡಿಸ್ಕಿನಲ್ಲಿಯೇ ಇರಬೇಕಷ್ಟೆ. ಕಲ್ಲು ಸಾವಿರದ ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿತು; ಡಿಸ್ಕಿನಿಂದ ಅಷ್ಟು ಆಯುಸ್ಸನ್ನು ಯಾರೂ ನಿರೀಕ್ಷಿಸಲಾರರು. ಓಲೆಯ ಕಾಲದಲ್ಲಿ ಗ್ರಂಥಗಳನ್ನು ತಲೆಮಾರಿಗೊಮ್ಮೆ ನಕಲು ಮಾಡುತ್ತಿದ್ದರೆ, ಈಗ ಕೆಲವೇ ವರ್ಷಗಳಿಗೊಮ್ಮೆ ನಕಲು ಮಾಡಬೇಕಾದೀತು. ಶ್ರಮವು ಕಡಮೆಯಾಯಿತು, ಜಾಗರೂಕತೆಯು ಮಾತ್ರ ಹೆಚ್ಚಬೇಕಾಯಿತು.

ಕಡೆಯದಾಗಿ ಒಂದು ಮಾತು ಉಳಿಯುತ್ತದೆ. ಹೊರ ಡಿಸ್ಕನ್ನು ಯಾವಾಗಲೂ ಯಂತ್ರಕ್ಕೆ ಜೋಡಿಸಿಯೇ ಇಟ್ಟರೆ ಅದು ಹೊರಭಂಡಾರವೆನಿಸದು. ಯಂತ್ರಕ್ಕೆ ಹೊಡೆದ ಸಿಡಿಲು ಅದಕ್ಕೂ ಹೊಡೆಯುವುದು. ಯಂತ್ರವನ್ನು ಒಯ್ದ ಕಳ್ಳನು ಅದನ್ನೂ ಒಯ್ಯುವನು. ಯಂತ್ರದೊಳಗೆ ನುಗ್ಗಿ ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟಕ್ರಮಗಳು, ಮರಕ್ಕೆ ಕಟ್ಟಿದ ಕೊಂಬೆಯನ್ನೂ ಬಿಡುವುದಿಲ್ಲ. ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಬರೆಯಿಸಿ ಒಂದೇ ಉಗ್ರಾಣದಲ್ಲಿ ಜೋಡಿಸಿ ಇಡಲಿಲ್ಲ, ಹಂಚಿದಳು. ಸೇರಿಸಿ, ಬರೆದು, ತಾಳೆ ನೋಡಿ, ವಿಧಿಯಂತೆ ಬಿಡಿಸಿ, ಬೇರೊಂದು ಮನೆಯಲ್ಲಿ ಇರಿಸಿದ ಡಿಸ್ಕೇ ಎರಡನೆಯ ಪ್ರತಿ. ಹೆಗ್ಗನಹಳ್ಳಿಯ ಲೆಕ್ಕದ ಕೋಣೆಗೂ ಶಾಸನಗಳ ಭಂಡಾರಕ್ಕೂ ನಿಯಮವು ಇದೊಂದೇ.